ಬೆರಳಚ್ಚು ಸಿಕ್ಕಿದೆ, ಡಿಎನ್‌ಎ ಸಿಗುತ್ತಿಲ್ಲ: ದೋಷ ಎಲ್ಲಿದೆ?

ಮೊದಲು ಹೆಸರಿನ ಗೊಂದಲವೊಂದನ್ನು ಬಗೆಹರಿಸಿಕೊಳ್ಳೋಣ. ಪತ್ರಿಕೆಗಳಲ್ಲಿ ಬರುವ ‘ಡಿಎನ್‌ಎ ಬೆರಳಚ್ಚು’ ಎಂಬ ಮಾತಿಗೂ ಬೆರಳಿಗೂ ಸಂಬಂಧವಿಲ್ಲ. 1984ರಲ್ಲಿ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಅಲೆಕ್ ಜೆಫ್ರಿಸ್ ಕಂಡುಕೊಂಡ ವಿಧಾನಕ್ಕೆ ಬಿದ್ದ ಹೆಸರು ಕನ್ನಡಕ್ಕೂ ಹಾಗೇ ಬಂದಿದೆ. ಇಲ್ಲಿನ ವಿಷಯ ನಿಜವಾದ ಬೆರಳ ಗುರುತು: ಗಾಜಿನ ಲೋಟ, ಬೀರುವಿನ ಹಿಡಿ, ಬೆದರಿಕೆ ಚೀಟಿ ಇವುಗಳ ಮೇಲೆ ಉಳಿದ ಗುರುತಿನಿಂದ ಡಿಎನ್‌ಎ ತೆಗೆಯುವುದು. ಇದು ಆಗುವ ಕೆಲಸ ಎಂದು ಆಸ್ಟ್ರೇಲಿಯಾದ ವ್ಯಾನ್ ಊರ್‌ಸ್ಕಾಟ್ ಮತ್ತು ಜೋನ್ಸ್ 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದರು. ಡಿಎನ್‌ಎ ಪರೀಕ್ಷೆಯ ಕಿಟ್‌ಗಳು ಅಂದಿಗಿಂತ ಎಷ್ಟೋ ಪಟ್ಟು ಸೂಕ್ಷ್ಮವಾಗಿವೆ. ಆದರೂ ಈ ಬಗೆಯ ಮಾದರಿ ಖಾಲಿ ಬರುವುದು ಇವತ್ತಿಗೂ ಮಾಮೂಲು.

ಖಾಲಿ ಬಂದ ಮಾದರಿಯ ಹಿಂದೆ ಮೂರರಲ್ಲಿ ಒಂದು ಕಾರಣ ಇರುತ್ತದೆ. ಡಿಎನ್‌ಎ ಇರಲೇ ಇಲ್ಲ. ಅಥವಾ ಇತ್ತು, ದಾರಿಯಲ್ಲಿ ಕಳೆದುಕೊಂಡೆವು. ಅಥವಾ ಈಗಲೂ ಟ್ಯೂಬಿನಲ್ಲೇ ಇದೆ, ಯಾವುದೋ ರಾಸಾಯನಿಕ ಅಡ್ಡ ನಿಂತಿರುವುದರಿಂದಲೋ ಯಂತ್ರದ ಎಡವಟ್ಟಿನಿಂದಲೋ ಓದಲಾಗುತ್ತಿಲ್ಲ. ಮೂರಕ್ಕೂ ಮದ್ದು ಬೇರೆ ಬೇರೆ. ಪೀಕ್ (ನಕ್ಷೆಯಲ್ಲಿ ಡಿಎನ್‌ಎ ತುಣುಕನ್ನು ತೋರಿಸುವ ಶಿಖರ) ಕಾಣಲಿಲ್ಲ ಎಂದ ಕೂಡಲೇ ಪಿಸಿಆರ್ (ಡಿಎನ್‌ಎಯ ಪ್ರತಿಗಳನ್ನು ಹೆಚ್ಚಿಸುವ ಪ್ರಕ್ರಿಯೆ) ಆವರ್ತ ಹೆಚ್ಚಿಸಿ ಮತ್ತೊಮ್ಮೆ ಓಡಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಬರೆಯಾದರೂ ಮಾಯುತ್ತದೆ, ಖರ್ಚಾದ ಎಕ್ಸ್‌ಟ್ರಾಕ್ಟ್, ಅಂದರೆ ಮಾದರಿಯಿಂದ ಬಿಡಿಸಿ ತೆಗೆದ ಡಿಎನ್‌ಎ ದ್ರವ, ಮರಳಿ ಬರುವುದಿಲ್ಲ. ಆದ್ದರಿಂದ ಉಳಿದ ಟ್ಯೂಬ್ ಫ್ರಿಜ್‌ನಲ್ಲೇ ಇರಲಿ; ಆಗಲೇ ಕೈಯಲ್ಲಿರುವ ಅಂಕಿಗಳನ್ನು ಮೊದಲು ಓದಿ.

ಎಷ್ಟು ಸಿಗಬೇಕಿತ್ತು?

ಮನುಷ್ಯನ ಒಂದು ಸಾಮಾನ್ಯ ಜೀವಕೋಶದಲ್ಲಿರುವುದು ಸುಮಾರು 6.6 ಪಿಕೊಗ್ರಾಂ ಡಿಎನ್‌ಎ. ಬೆರಳಿನ ತುದಿಯಿಂದ ಉದುರುವ ಚರ್ಮದ ಹೊರಪದರದ ಕೋಶಗಳಲ್ಲಿ ಬಹುಪಾಲಿಗೆ ಕೋಶಕೇಂದ್ರವೇ ಉಳಿದಿರುವುದಿಲ್ಲ. ಗುರುತಿನಲ್ಲಿ ಸಿಗುವುದು ಮುಖ್ಯವಾಗಿ ಬೆವರಿನ ಜೊತೆ ಬಂದ ತುಂಡು ಡಿಎನ್‌ಎ, ಮತ್ತು ಮುಖ, ಮೂಗು, ತಲೆ ಮುಟ್ಟಿಕೊಂಡಾಗ ಬೆರಳಿಗೆ ಹತ್ತಿದ ಕೋಶಗಳು. ಹಾಗಾಗಿ ಈಗಷ್ಟೇ ಕೈ ತೊಳೆದವನ ಗುರುತಿನಲ್ಲಿ ಹುಡುಕುವುದು ಕಷ್ಟ. ಒಂದು ಗುರುತಿನಿಂದ ಒಂದು ನ್ಯಾನೊಗ್ರಾಂ ಸಿಕ್ಕರೆ ಅದೃಷ್ಟ; ಅನೇಕ ಸಲ 100 ಪಿಕೊಗ್ರಾಂ ಕೂಡ ದಾಟುವುದಿಲ್ಲ.

ಇನ್ನೊಂದು ತಪ್ಪು ಕಲ್ಪನೆ: ರೇಖೆ ಸ್ಫುಟವಾಗಿದ್ದರೆ ಡಿಎನ್‌ಎ ಕೂಡ ಚೆನ್ನಾಗಿರುತ್ತದೆ ಎನ್ನುವುದು. ರೇಖೆ ಕಾಣಿಸುವುದು ಬೆವರು ಮತ್ತು ಎಣ್ಣೆಯಂಶದಿಂದ. ಕೋಶ ಬಿಡುವುದು ಉಜ್ಜುವಿಕೆಯಿಂದ. ಜಾರಿ ಮಸುಕಾದ, ಹೋಲಿಕೆಗೆ ಬಾರದ ಗುರುತಿನಲ್ಲೇ ಎಷ್ಟೋ ಸಲ ಹೆಚ್ಚು ಡಿಎನ್‌ಎ ಇರುತ್ತದೆ. ಆದ್ದರಿಂದ ಹಂಚಿಕೆ ಸರಳ: ರೇಖೆ ಓದಲು ಬರುವ ಗುರುತಿಗೆ ಮೊದಲ ಹಕ್ಕು ಬೆರಳಚ್ಚು ವಿಭಾಗದ್ದು, ಏಕೆಂದರೆ ಅದನ್ನು ನ್ಯಾಫಿಸ್ ಎಂಬ ರಾಷ್ಟ್ರೀಯ ಬೆರಳಚ್ಚು ಸಂಗ್ರಹದಲ್ಲಿ ಹುಡುಕಬಹುದು. ಮಸುಕು ಗುರುತು ನೇರ ಡಿಎನ್‌ಎಗೆ ಹೋಗಲಿ, ಅದರ ಮೇಲೆ ಪುಡಿ ಬಳಿದು ಕೆಡಿಸುವುದರಲ್ಲಿ ಅರ್ಥವಿಲ್ಲ.

ಹಿಂದಿನಿಂದ ಮುಂದಕ್ಕೆ ಬನ್ನಿ

ತಪಾಸಣೆ ಶುರುವಾಗಬೇಕಾದದ್ದು ಕೊನೆಯ ಯಂತ್ರದಿಂದ, ಯಾಕೆಂದರೆ ಅಲ್ಲಿನ ದೋಷ ಪತ್ತೆಗೆ ಮಾದರಿಯ ಒಂದು ಹನಿಯೂ ಬೇಡ. ಡಿಎನ್‌ಎ ತುಣುಕುಗಳನ್ನು ಉದ್ದದ ಪ್ರಕಾರ ಬೇರ್ಪಡಿಸುವ ಕ್ಯಾಪಿಲರಿ ಎಲೆಕ್ಟ್ರೋಫೊರೆಸಿಸ್ ಓಟದಲ್ಲಿ ಮಾದರಿಯ ಜೊತೆಗೇ ಹಾಕಿದ ಸೈಜ್ ಸ್ಟ್ಯಾಂಡರ್ಡ್‌ನ (ಉದ್ದ ಮೊದಲೇ ಗೊತ್ತಿರುವ ತುಣುಕುಗಳ) ಪೀಕ್‌ಗಳನ್ನು ನೋಡಿ. ಅವೇ ಕುಸಿದಿದ್ದರೆ ಇಂಜೆಕ್ಷನ್ ಸರಿಯಾಗಿಲ್ಲ: ತಟ್ಟೆಯ ಬಾವಿಯಲ್ಲಿ (ಮಾದರಿ ಹಾಕುವ ಗುಳಿಯಲ್ಲಿ) ಗಾಳಿಗುಳ್ಳೆ ಕೂತಿರಬಹುದು, ಮಾದರಿ ಬೆರೆಸುವ ಫಾರ್ಮಮೈಡ್ ದ್ರವ ಹಳತಾಗಿರಬಹುದು, ಪಾಲಿಮರ್ ಅವಧಿ ಮುಗಿದಿರಬಹುದು. ಪದೇ ಪದೇ ಕರಗಿಸಿ ಹೆಪ್ಪುಗಟ್ಟಿಸಿದ ಫಾರ್ಮಮೈಡ್ ಒಡೆದು ಫಾರ್ಮೇಟ್ ಅಯಾನುಗಳಾಗುತ್ತವೆ. ಇವು ಡಿಎನ್‌ಎಗಿಂತ ಮೊದಲು ಕ್ಯಾಪಿಲರಿಗೆ ನುಗ್ಗುತ್ತವೆ. ಪರಿಹಾರ ಹೊಸ ಫಾರ್ಮಮೈಡ್, ಅದನ್ನು ಸಣ್ಣ ಸಣ್ಣ ಪಾಲು ಮಾಡಿ ಇಡುವುದು, ಅದೇ ಪಿಸಿಆರ್ ಉತ್ಪನ್ನವನ್ನು ಮತ್ತೆ ತಟ್ಟೆಗೆ ಹಾಕುವುದು. ಮೂಲ ಎಕ್ಸ್‌ಟ್ರಾಕ್ಟ್ ತೆಗೆಯುವ ಅಗತ್ಯವೇ ಇಲ್ಲ.

ಸೈಜ್ ಸ್ಟ್ಯಾಂಡರ್ಡ್ ಸರಿ, ಪಾಸಿಟಿವ್ ಕಂಟ್ರೋಲ್ (ಡಿಎನ್‌ಎ ಇರುವುದು ಮೊದಲೇ ಗೊತ್ತಿರುವ ಮಾದರಿ) ಮಾತ್ರ ಬಿದ್ದಿದೆಯೆಂದರೆ ತಪ್ಪು ಪಿಸಿಆರ್ ಹಂತದ್ದು: ಪ್ರೈಮರ್ ಮಿಶ್ರಣ ಹಾಕಲು ಮರೆತದ್ದು, ಥರ್ಮಲ್ ಸೈಕ್ಲರಿನಲ್ಲಿ ಬೇರೆ ಪ್ರೋಗ್ರಾಂ ಆರಿಸಿದ್ದು, ಇಂಥವು. ಎರಡೂ ಸರಿಯಿದ್ದು ಮಾದರಿ ಮಾತ್ರ ಖಾಲಿಯಾಗಿದ್ದರೆ ಆಗ, ಆಗ ಮಾತ್ರ, ಕ್ವಾಂಟಿಫಿಕೇಶನ್ ವರದಿಗೆ, ಅಂದರೆ ಡಿಎನ್‌ಎ ಪ್ರಮಾಣ ಅಳೆದ ವರದಿಗೆ, ಹಿಂದಿರುಗಿ.

ಆ ವರದಿಯಲ್ಲಿ ಎಲ್ಲರೂ ಮೊದಲು ನೋಡುವುದು ಪ್ರಮಾಣದ ಅಂಕಿ. ನೋಡಬೇಕಾದದ್ದು ಅದಲ್ಲ. ಮೊದಲು ಸ್ಟ್ಯಾಂಡರ್ಡ್ ಕರ್ವ್ (ಪ್ರಮಾಣ ಗೊತ್ತಿರುವ ಡಿಎನ್‌ಎಯಿಂದ ಎಳೆದ ಅಳತೆಯ ರೇಖೆ): ಇಳಿಜಾರು −3.0ರಿಂದ −3.6ರ ಒಳಗಿದೆಯೇ? −3.32 ಅಂದರೆ ಪ್ರತಿ ಆವರ್ತದಲ್ಲೂ ದುಪ್ಪಟ್ಟು, ಅಂದರೆ ಪೂರ್ತಿ ದಕ್ಷತೆ. ಕರ್ವ್ ಸೊಟ್ಟಗಿದ್ದರೆ ಆ ತಟ್ಟೆಯ ಯಾವ ಅಂಕಿಯೂ ನಂಬಲರ್ಹವಲ್ಲ, ಅದರಲ್ಲೂ ಸ್ಪರ್ಶ ಮಾದರಿಗಳು ಕೂರುವ ಕೆಳತುದಿ. ಆಮೇಲೆ ಐಪಿಸಿ, ಅಂದರೆ ಇಂಟರ್ನಲ್ ಪಿಸಿಆರ್ ಕಂಟ್ರೋಲ್. ಇದು ಕಿಟ್ ತಯಾರಕರೇ ಪ್ರತಿ ಬಾವಿಯಲ್ಲೂ ಒಂದೇ ಪ್ರಮಾಣದಲ್ಲಿ ಸೇರಿಸಿಟ್ಟ ಕೃತಕ ಡಿಎನ್‌ಎ. ಮಾದರಿಯಲ್ಲಿ ಏನೇ ಇರಲಿ, ಇದು ಹೆಚ್ಚುಕಡಿಮೆ ಒಂದೇ ಆವರ್ತದಲ್ಲಿ ಮೇಲೇಳಬೇಕು. ನಿಮ್ಮ ಬಾವಿಯ ಐಪಿಸಿಯನ್ನು ಅದೇ ತಟ್ಟೆಯಲ್ಲಿ ಮಾದರಿಯ ಬದಲು ಬರೀ ನೀರು ಹಾಕಿದ ಬಾವಿಯ ಐಪಿಸಿಗೆ ಹೋಲಿಸಿ, ಪುಸ್ತಕದ ಅಂಕಿಗಲ್ಲ.

ಇಲ್ಲಿ ದಾರಿ ಎರಡಾಗುತ್ತದೆ.

ಐಪಿಸಿ ತಡವಾಗಿದ್ದರೆ: ಡಿಎನ್‌ಎ ಇದೆ, ಬಾಯಿ ಕಟ್ಟಿದೆ

ನೀರಿನ ಬಾವಿಯ ಐಪಿಸಿ 28ನೇ ಆವರ್ತದಲ್ಲಿ ಎದ್ದಿದೆ, ಮಾದರಿಯದು 31ರಲ್ಲಿ ಎಂದಿಟ್ಟುಕೊಳ್ಳಿ. ಮಾದರಿಯ ಅಂಕಿ ಮೈಕ್ರೋಲೀಟರಿಗೆ 0.002 ನ್ಯಾನೊಗ್ರಾಂ. ಇದನ್ನು ‘ಅತ್ಯಲ್ಪ’ ಎಂದು ಬರೆದು ಕಡತ ಮುಚ್ಚುವುದು ದೊಡ್ಡ ತಪ್ಪು. ಆ ಅಂಕಿ ತೋರಿಸುವುದು ಡಿಎನ್‌ಎ ಪ್ರಮಾಣವನ್ನಲ್ಲ, ಕಿಣ್ವದ ಉಸಿರುಗಟ್ಟುವಿಕೆಯನ್ನು. 1 ಮೈಕ್ರೋಲೀಟರ್ ಎಕ್ಸ್‌ಟ್ರಾಕ್ಟ್‌ಗೆ 4 ಮೈಕ್ರೋಲೀಟರ್ ಟಿಇ ಬಫರ್ (ಡಿಎನ್‌ಎ ಇಡುವ ದ್ರಾವಣ) ಸೇರಿಸಿ ಮತ್ತೆ ಅಳೆಯಿರಿ. ಬಫರ್‌ನಲ್ಲಿ ಲೋಹದ ಅಯಾನುಗಳನ್ನು ಹಿಡಿಯುವ ಇಡಿಟಿಎ 0.1 ಮಿಲಿಮೋಲಾರ್ ಇದ್ದರೆ ಸಾಕು. ಹೆಚ್ಚಾದರೆ ಅದೇ ಪಿಸಿಆರ್ ಕಿಣ್ವಕ್ಕೆ ಬೇಕಾದ ಮೆಗ್ನೀಷಿಯಂ ಕಸಿದುಕೊಳ್ಳುತ್ತದೆ. ತೆಳು ಮಾಡಿದ ಮೇಲೆ ಐಪಿಸಿ 28ಕ್ಕೆ ಮರಳಿ, ಅಂಕಿ 0.011 ಬಂತೆಂದರೆ ಮೂಲದಲ್ಲಿದ್ದದ್ದು ಐದು ಪಟ್ಟು, 0.055. ಅಂದರೆ ಒಂದು ಪಿಸಿಆರ್‌ಗೆ ಹಾಕಬಹುದಾದ 15 ಮೈಕ್ರೋಲೀಟರಿನಲ್ಲಿ 800 ಪಿಕೊಗ್ರಾಂಗಿಂತ ಹೆಚ್ಚು. ‘ಖಾಲಿ’ ಎನಿಸಿದ್ದ ಮಾದರಿ ಪೂರ್ಣ ಪ್ರೊಫೈಲ್ (ವ್ಯಕ್ತಿಯನ್ನು ಗುರುತಿಸುವ ಡಿಎನ್‌ಎ ನಕ್ಷೆ) ಕೊಡುವ ಮಟ್ಟದಲ್ಲಿದೆ.

ತೆಳು ಮಾಡುವುದು ರೋಗ ಪತ್ತೆಗೆ, ಚಿಕಿತ್ಸೆಗಲ್ಲ. ಡಿಎನ್‌ಎ ಧಾರಾಳವಾಗಿದ್ದರೆ ತೆಳು ಮಾಡಿಯೇ ಪಿಸಿಆರ್ ಮಾಡಬಹುದು. ಬೆರಳಚ್ಚಿನಲ್ಲಿ ಆ ಐಷಾರಾಮ ವಿರಳ. ಆಗ ಎಕ್ಸ್‌ಟ್ರಾಕ್ಟನ್ನು ಇನ್ನೊಮ್ಮೆ ಸಿಲಿಕಾ ಸ್ತಂಭದಲ್ಲಿ (ಡಿಎನ್‌ಎಯನ್ನು ಪೊರೆಯಲ್ಲಿ ಹಿಡಿದಿಟ್ಟು ಉಳಿದದ್ದನ್ನು ಹರಿಯಬಿಡುವ ಕೊಳವೆಯಲ್ಲಿ) ತೊಳೆಯಬೇಕು, ಅಥವಾ ಅಮಿಕಾನ್ ಫಿಲ್ಟರಿನಲ್ಲಿ ಎರಡು ಮೂರು ಸಲ ಟಿಇ ಹಾಕಿ ಸೋಸಬೇಕು. ಎರಡರಲ್ಲೂ ಡಿಎನ್‌ಎ ಸ್ವಲ್ಪ ಹೋಗುತ್ತದೆ. ಬೋವೈನ್ ಸೀರಂ ಆಲ್ಬುಮಿನ್ ಸೇರಿಸುವ ಉಪಾಯವೂ ಇದೆ, ಆದರೆ ಈಗಿನ ಕಿಟ್‌ಗಳ ಬಫರ್ ಬಹುಮಟ್ಟಿಗೆ ಅಡ್ಡಿ ತಡೆದುಕೊಳ್ಳುವಂತೆಯೇ ತಯಾರಾಗಿರುತ್ತದೆ. ಲ್ಯಾಬ್ ಸಿಂಧುಗೊಳಿಸಿದ ವಿಧಾನದಲ್ಲಿ ಇಲ್ಲದಿದ್ದರೆ ಅದನ್ನು ಕೈಗೆತ್ತಿಕೊಳ್ಳಬೇಡಿ.

ಅಡ್ಡಿ ಎಲ್ಲಿಂದ ಬಂತು ಎನ್ನುವುದು ಗುರುತನ್ನು ಹೇಗೆ ಮೂಡಿಸಿದರು ಎಂಬುದರಲ್ಲಿ ಅಡಗಿದೆ. ಕಡತದಲ್ಲಿ ‘ಪುಡಿ ಬಳಸಲಾಗಿದೆ’ ಎಂದಷ್ಟೇ ಬರೆದಿದ್ದರೆ ಫೋನ್ ಮಾಡಿ ಕೇಳಿ, ಯಾವ ಪುಡಿ ಎಂದು. ಇಂಗಾಲದ ಕಪ್ಪು ಪುಡಿ ಅಷ್ಟಾಗಿ ತೊಂದರೆ ಕೊಡುವುದಿಲ್ಲ, ಸಿಲಿಕಾ ವಿಧಾನದಲ್ಲಿ ತೊಳೆದು ಹೋಗುತ್ತದೆ. ಅಯಸ್ಕಾಂತ ಪುಡಿಯದು ಬೇರೆ ಕಥೆ: ಅದು ಕಬ್ಬಿಣ. ಅಯಸ್ಕಾಂತ ಮಣಿಗಳಿಂದ ಡಿಎನ್‌ಎ ಹಿಡಿಯುವ ಕಿಟ್‌ಗೆ ಅಂಥ ಸ್ವಾಬ್ ಹಾಕಿದರೆ ಪುಡಿಯೂ ಮಣಿಗಳ ಜೊತೆಗೇ ಗೋಡೆಗೆ ಅಂಟಿ ಕೂರುತ್ತದೆ. ಎಷ್ಟು ತೊಳೆದರೂ ಕೊನೆಯವರೆಗೆ ಜೊತೆಗಿರುತ್ತದೆ. ಲೈಸೇಟನ್ನು (ಕೋಶಗಳನ್ನು ಒಡೆದ ದ್ರವವನ್ನು) ಮೊದಲು ಸೆಂಟ್ರಿಫ್ಯೂಜ್ ಮಾಡಿ, ತಳದ ಕಪ್ಪು ಗಷ್ಟು ಬಿಟ್ಟು ಮೇಲಿನ ತಿಳಿ ಮಾತ್ರ ತೆಗೆದುಕೊಳ್ಳಿ, ಅಥವಾ ಸ್ತಂಭದ ವಿಧಾನಕ್ಕೆ ಹೋಗಿ.

ಟೇಪಿನ ಅಂಟಿನ ಬದಿಯ ಗುರುತಿಗೆ ಹಾಕುವ ಕ್ರಿಸ್ಟಲ್ ವಯೊಲೆಟ್ ಡಿಎನ್‌ಎಗೇ ಅಂಟುವ ಬಣ್ಣ. ಎಕ್ಸ್‌ಟ್ರಾಕ್ಟ್ ನಸು ನೇರಳೆಯಾಗಿ ಕಂಡರೆ ಅಳೆಯುವ ಮೊದಲೇ ಇನ್ನೊಮ್ಮೆ ತೊಳೆಯಿರಿ. ಹಿತ್ತಾಳೆಯ ಕಾಟ್ರಿಜ್ ಖೋಲಿನಲ್ಲಿ ತಾಮ್ರದ ಅಯಾನುಗಳದು ಎರಡಲಗಿನ ಕತ್ತಿ. ಅವು ಪಿಸಿಆರ್ ತಡೆಯುವುದಷ್ಟೇ ಅಲ್ಲ, ಒದ್ದೆಯಾದ ಕ್ಷಣದಿಂದ ಡಿಎನ್‌ಎಯನ್ನೂ ಕಡಿಯುತ್ತವೆ. ಅಲ್ಲಿ ಒರೆಸುವ ದ್ರವದಲ್ಲೇ ಇಡಿಟಿಎ ಇರಬೇಕು, ಒರೆಸಿದ ಸ್ವಾಬ್ ಹಸಿಯಾಗಿ ಕಾಯಬಾರದು.

ಡಿಎನ್‌ಎ ತೆಗೆಯಲು ಕೀಲೆಕ್ಸ್ (ಲೋಹದ ಅಯಾನು ಹೀರುವ ರಾಳ) ಬಳಸುವವರಿಗೆ ಪ್ರತ್ಯೇಕ ಮಾತು. 5 ಶೇಕಡಾ ಕೀಲೆಕ್ಸ್, 56 ಡಿಗ್ರಿಯಲ್ಲಿ ಅರ್ಧ ಗಂಟೆ, 100 ಡಿಗ್ರಿಯಲ್ಲಿ 8 ನಿಮಿಷ: ಅಗ್ಗ, ಬೇಗ, ಒಂದೇ ಟ್ಯೂಬ್. ಆದರೆ ಇದರಲ್ಲಿ ತೊಳೆಯುವ ಹಂತವೇ ಇಲ್ಲ. ಸ್ವಾಬ್‌ನಲ್ಲಿ ಬಂದದ್ದೆಲ್ಲ ಪಿಸಿಆರ್‌ಗೂ ಹೋಗುತ್ತದೆ. ಸಾಲದ್ದಕ್ಕೆ ಪಿಪೆಟ್ ತುದಿಯಲ್ಲಿ ಒಂದೆರಡು ರಾಳದ ಮಣಿ ಬಂದರೂ ಅವು ಮೆಗ್ನೀಷಿಯಂ ಹೀರಿ ಕಿಣ್ವವನ್ನು ನಿಲ್ಲಿಸುತ್ತವೆ. ಒಂದೇ ಎಕ್ಸ್‌ಟ್ರಾಕ್ಟ್ ಒಮ್ಮೆ ಫಲಿತಾಂಶ ಕೊಟ್ಟು ಇನ್ನೊಮ್ಮೆ ಕೊಡದಿದ್ದರೆ ಮೊದಲ ಅನುಮಾನ ಇದರ ಮೇಲಿರಲಿ. ಟ್ಯೂಬನ್ನು ಮತ್ತೆ ಸೆಂಟ್ರಿಫ್ಯೂಜ್ ಮಾಡಿ, ಮೇಲ್ಭಾಗದಿಂದ ತೆಗೆಯಿರಿ.

ಐಪಿಸಿ ಸರಿ, ಅಂಕಿ ಸೊನ್ನೆ: ದಾರಿಯಲ್ಲಿ ಎಲ್ಲಿ ಬಿತ್ತು?

ಸೊನ್ನೆ ಅಂದರೆ ಸೊನ್ನೆಯೇ ಆಗಿರಬೇಕಿಲ್ಲ. ಅಳೆಯಲು ಹಾಕುವುದು 2 ಮೈಕ್ರೋಲೀಟರ್. ಸ್ತಂಭದ ಪೊರೆಯಿಂದ 50 ಮೈಕ್ರೋಲೀಟರ್ ಬಫರಿಗೆ ಇಳಿಸಿದ ಎಕ್ಸ್‌ಟ್ರಾಕ್ಟ್‌ನಲ್ಲಿ ಒಟ್ಟು 60 ಪಿಕೊಗ್ರಾಂ ಇದ್ದರೆ ಆ 2 ಮೈಕ್ರೋಲೀಟರಿಗೆ ಬರುವುದು 2.4 ಪಿಕೊಗ್ರಾಂ, ಅರ್ಧ ಕೋಶಕ್ಕೂ ಕಡಿಮೆ. ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಸ್ಪರ್ಶ ಮಾದರಿಯನ್ನು ಮೊದಲೇ 20ರಿಂದ 25 ಮೈಕ್ರೋಲೀಟರಿನಲ್ಲಿ ಇಳಿಸುವುದು ಲೇಸು. ಆಮೇಲೆ ಸಾಂದ್ರಗೊಳಿಸುವುದಕ್ಕಿಂತ ನಷ್ಟ ಕಡಿಮೆ. ಇಳಿಸುವ ಬಫರನ್ನು 65-70 ಡಿಗ್ರಿಗೆ ಬಿಸಿ ಮಾಡಿ, ಪೊರೆಯ ನಡುಮಧ್ಯಕ್ಕೆ ಹಾಕಿ, ಐದು ನಿಮಿಷ ಬಿಟ್ಟು ತಿರುಗಿಸಿ. ಸಣ್ಣ ಪ್ರಮಾಣ ಪೊರೆಯ ಅಂಚಿಗೆ ಬಿದ್ದರೆ ಅರ್ಧ ಡಿಎನ್‌ಎ ಪೊರೆಯಲ್ಲೇ ಉಳಿಯುತ್ತದೆ.

ಅದಕ್ಕೂ ಮೊದಲು ಕಸದ ಬುಟ್ಟಿಗೆ ಹೋಗುವ ಸ್ವಾಬ್ ತಲೆಯನ್ನು ನೋಡಿ. ಹತ್ತಿ ಲೈಸಿಸ್ ಬಫರನ್ನು ಕುಡಿದು ಕೂರುತ್ತದೆ. ಅದನ್ನು ಇಕ್ಕಳದಲ್ಲಿ ಗೋಡೆಗೆ ಒತ್ತಿ ಹಿಂಡುವುದು ಸಾಲದು. ಸ್ವಾಬ್ ತಲೆಯನ್ನು ರಂಧ್ರವಿರುವ ಬುಟ್ಟಿಯಲ್ಲಿಟ್ಟು, ಬುಟ್ಟಿಯನ್ನು ಅದೇ ಟ್ಯೂಬಿನ ಬಾಯಿಗೆ ಕೂರಿಸಿ, 10,000 ಜಿ ಬಲದಲ್ಲಿ ಎರಡು ನಿಮಿಷ ತಿರುಗಿಸಿ. ತಳದಲ್ಲಿ ಎಷ್ಟು ದ್ರವ ಹೊಸದಾಗಿ ಸೇರಿತು ಎಂದು ಕಣ್ಣಾರೆ ಕಂಡವರು ಆಮೇಲೆ ಈ ಹಂತ ಬಿಡುವುದಿಲ್ಲ. ಕಾಗದದ ತುಂಡುಗಳಿಗೂ ಇದೇ ನಿಯಮ, ಅಲ್ಲಿ ಬಫರ್ 400-500 ಮೈಕ್ರೋಲೀಟರ್ ಬೇಕಾಗುತ್ತದೆ.

ಇನ್ನೂ ಹಿಂದೆ ಹೋದರೆ ಒರೆಸುವ ಕೈ. ಒಂದು ಬೆರಳ ಗುರುತಿನ ವಿಸ್ತೀರ್ಣ ಎರಡು-ಮೂರು ಚದರ ಸೆಂಟಿಮೀಟರ್. ಅದಕ್ಕೆ ಸ್ವಾಬನ್ನು ನೀರಿನಲ್ಲಿ ಅದ್ದಿ ತೊಟ್ಟಿಕ್ಕುವಂತೆ ತೆಗೆದರೆ ಡಿಎನ್‌ಎ ಸ್ವಾಬಿಗೆ ಏರುವುದಿಲ್ಲ, ಗಾಜಿನ ಮೇಲೆ ಹರಡಿ ಅಂಚಿನಲ್ಲಿ ಒಣಗುತ್ತದೆ. 30ರಿಂದ 50 ಮೈಕ್ರೋಲೀಟರ್ ಸಾಕು, ಅದೂ ಸ್ವಾಬಿನ ಒಂದು ಪಾರ್ಶ್ವಕ್ಕೆ. ತೇವದ ಸ್ವಾಬನ್ನು ಹದವಾಗಿ ಒತ್ತಿ, ನಿಧಾನ ಉರುಳಿಸುತ್ತ ಒಂದು ದಿಕ್ಕಿನಲ್ಲಿ, ಆಮೇಲೆ ಅಡ್ಡ ದಿಕ್ಕಿನಲ್ಲಿ ಎಳೆಯಿರಿ. ಕೂಡಲೇ ಒಣ ಸ್ವಾಬಿನಿಂದ ಅದೇ ಜಾಗ ಒರೆಸಿ. ಮೊದಲನೆಯದು ಸಡಿಲಿಸಿದ್ದನ್ನು ಎರಡನೆಯದು ಎತ್ತುತ್ತದೆ. ಎರಡನ್ನೂ ಒಂದೇ ಟ್ಯೂಬಿನಲ್ಲಿ ಲೈಸಿಸ್ ಮಾಡಿ. ಪ್ರತ್ಯೇಕವಾಗಿ ಮಾಡಿದರೆ ಇದ್ದ ಅಲ್ಪವೂ ಎರಡು ಪಾಲಾಗುತ್ತದೆ.

ಸೂಪರ್‌ಗ್ಲೂ ಹೊಗೆ ಹಾಕಿದ ವಸ್ತುಗಳಲ್ಲಿ ಬರೀ ನೀರಿನ ಸ್ವಾಬ್ ಸೋಲುತ್ತದೆ. ಕಾರಣ ಸರಳ. ಸಯನೋಅಕ್ರಿಲೇಟ್ ಆವಿ ಶೇಕಡಾ 80ರ ಆಸುಪಾಸಿನ ತೇವಾಂಶದಲ್ಲಿ ಬೆವರಿನ ರೇಖೆಯ ಮೇಲೆ ಬಿಳಿ ಪ್ಲಾಸ್ಟಿಕ್ ಪದರವಾಗಿ ಗಟ್ಟಿಯಾಗುತ್ತದೆ, ಡಿಎನ್‌ಎ ಅದರೊಳಗೆ ಸಿಕ್ಕಿಕೊಳ್ಳುತ್ತದೆ. ಡಿಎನ್‌ಎ ನಾಶವಾಗಿರುವುದಿಲ್ಲ, ಬರೀ ಬೀಗ ಬಿದ್ದಿರುತ್ತದೆ. ಮಾರ್ಜಕವಿರುವ ದ್ರವ, ಅಂದರೆ ಟ್ರೈಟಾನ್ ಎಕ್ಸ್-100 ಅಥವಾ ಎಸ್‌ಡಿಎಸ್, ಮತ್ತು ಸ್ವಲ್ಪ ಗಟ್ಟಿಯಾದ ಉಜ್ಜುವಿಕೆ ನೀರಿಗಿಂತ ಉತ್ತಮ. ಬಿಳಿ ಪದರ ಸ್ವಾಬಿಗೆ ಎದ್ದು ಬಂದದ್ದು ಕಾಣಬೇಕು. ಒಂದು ಎಚ್ಚರಿಕೆ: ಎಸ್‌ಡಿಎಸ್ ತಾನೇ ಪಿಸಿಆರ್‌ಗೆ ವಿಷ, ಲೇಶಮಾತ್ರ ಉಳಿದರೂ ಟ್ಯಾಕ್ ಕಿಣ್ವ ನಿಲ್ಲುತ್ತದೆ. ಸಿಲಿಕಾ ವಿಧಾನದಲ್ಲಿ ಅದು ತೊಳೆದು ಹೋಗುತ್ತದೆ, ಕೀಲೆಕ್ಸ್‌ನಲ್ಲಿ ಹೋಗುವುದಿಲ್ಲ. ಎಸ್‌ಡಿಎಸ್ ಸ್ವಾಬನ್ನು ಕೀಲೆಕ್ಸ್‌ಗೆ ಹಾಕಿದರೆ ಖಾಲಿ ಫಲಿತಾಂಶವನ್ನು ಕೈಯಾರೆ ತಯಾರಿಸಿದಂತೆ.

ನಿಜವಾಗಿಯೂ ಡಿಎನ್‌ಎ ಕಳೆಯುವ ಎರಡು ಹಂತಗಳಿವೆ, ಎರಡೂ ಸ್ಥಳದಲ್ಲೋ ಬೆರಳಚ್ಚು ಕೋಣೆಯಲ್ಲೋ ನಡೆಯುತ್ತವೆ. ಒಂದು, ರುವಿಸ್ ಎನ್ನುವ ಪ್ರತಿಫಲಿತ ಅತಿನೇರಳೆ ಉಪಕರಣ. ಪುಡಿ ಹಾಕದೆಯೇ ಗುರುತು ತೋರಿಸುತ್ತದೆ ಎಂದು ಇದನ್ನು ‘ನಿರಪಾಯಕಾರಿ’ ಎನ್ನುತ್ತಾರೆ. ಅದರ ದೀಪ 254 ನ್ಯಾನೊಮೀಟರ್ ತರಂಗದ್ದು, ಲ್ಯಾಬಿನ ಹುಡ್‌ನಲ್ಲಿ ಡಿಎನ್‌ಎ ನಾಶ ಮಾಡಲೆಂದೇ ಹಾಕುವ ದೀಪದ ತರಂಗವೂ ಅದೇ. ಗುರುತು ಹುಡುಕುತ್ತ ಕೆಲ ನಿಮಿಷ ಬೆಳಕು ಅಲ್ಲೇ ಹಿಡಿದರೆ ರೇಖೆಯ ಫೋಟೊ ಸಿಗುತ್ತದೆ, ಡಿಎನ್‌ಎಯಲ್ಲಿ ಥೈಮಿನ್‌ಗಳು ಒಂದಕ್ಕೊಂದು ಬೆಸೆದುಕೊಂಡು ಪಿಸಿಆರ್ ನಿಲ್ಲುತ್ತದೆ. ನೀಲಿ-ಹಸಿರು ಬೆಳಕಿನಲ್ಲಿ ಈ ಅಪಾಯವಿಲ್ಲ. ಇನ್ನೊಂದು, ಒದ್ದೆ ಕಾಗದಕ್ಕೆ ಬಳಸುವ ಫಿಸಿಕಲ್ ಡೆವಲಪರ್: ಸಾಲು ಸಾಲು ನೀರಿನ ತೊಟ್ಟಿಗಳಲ್ಲಿ ಕಾಗದ ಮುಳುಗಿ ಏಳುವಷ್ಟರಲ್ಲಿ ಡಿಎನ್‌ಎ ತೊಳೆದು ಹೋಗಿರುತ್ತದೆ. ಗುರುತು ಮೂಡಿಸಲು ನಿನ್‌ಹೈಡ್ರಿನ್ ಅಥವಾ ಇಂಡೇನ್‌ಡಯೋನ್ ರಾಸಾಯನಿಕ ಹಾಕಿದ ಕಾಗದದಿಂದ ಪ್ರೊಫೈಲ್ ತೆಗೆಯಬಹುದು. ಫಿಸಿಕಲ್ ಡೆವಲಪರ್ ಆದಮೇಲೆ ಬಂದ ಕಾಗದಕ್ಕೆ ಕಿಟ್ ಖರ್ಚು ಮಾಡುವ ಮುನ್ನ ಎರಡು ಸಲ ಯೋಚಿಸಿ.

ಪ್ರೊಫೈಲ್ ಬಂದಿದೆ, ಆದರೆ ಹಲ್ಲುದುರಿದ ಬಾಯಿಯಂತಿದೆ

ಎರಡು ಬಗೆಯ ಮುರುಕು ಪ್ರೊಫೈಲ್‌ಗಳಿವೆ, ನೋಟದಲ್ಲೇ ಬೇರೆ. ಎಡಗಡೆಯ ಸಣ್ಣ ತುಣುಕುಗಳು ಎತ್ತರ, ಬಲಕ್ಕೆ ಹೋದಂತೆ ಇಳಿಜಾರು: ಇದು ಡಿಎನ್‌ಎ ತುಂಡಾಗಿರುವ ಲಕ್ಷಣ. ಬೆವರಿನ ಡಿಎನ್‌ಎಗೆ ಇದು ಸಹಜ, ಮಳೆಗಾಲದಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಬೆವೆತ ಮಾದರಿಗೂ ಸಹಜ. ಪ್ರಮಾಣ ಅಳೆಯುವ ಕ್ವಾಂಟಿಫೈಲರ್ ಟ್ರಿಯೊ ಕಿಟ್‌ನಲ್ಲಿ 80 ಬೇಸ್‌ನ (ಡಿಎನ್‌ಎ ಅಕ್ಷರದ) ಸಣ್ಣ ಗುರಿಯನ್ನು 214 ಬೇಸ್‌ನ ದೊಡ್ಡ ಗುರಿಯಿಂದ ಭಾಗಿಸಿ ಬರುವ ಸೂಚ್ಯಂಕ 10 ದಾಟಿದ್ದರೆ ಇದು ಖಚಿತ. ಅತಿ ಕಡಿಮೆ ಡಿಎನ್‌ಎಯಲ್ಲಿ ಮಾತ್ರ ಆ ಸೂಚ್ಯಂಕವನ್ನು ನಂಬಬೇಡಿ, ದೊಡ್ಡ ಗುರಿ ಬರೀ ಆಕಸ್ಮಿಕವಾಗಿಯೂ ತಪ್ಪಿರುತ್ತದೆ. ಇಲ್ಲಿ ಸಣ್ಣ ತುಣುಕುಗಳನ್ನೇ ಓದುವ ಮಿನಿ ಎಸ್‌ಟಿಆರ್ ಕಿಟ್ ಸಹಾಯಕ್ಕೆ ಬರುತ್ತದೆ.

ಎರಡನೆಯ ಬಗೆಯಲ್ಲಿ ಇಳಿಜಾರಿಲ್ಲ. ಎಲ್ಲೆಂದರಲ್ಲಿ ಅಲೀಲ್ (ತಂದೆ ಅಥವಾ ತಾಯಿಯಿಂದ ಬಂದ ರೂಪ) ಬಿಟ್ಟುಹೋಗಿದೆ, ಜೋಡಿ ಪೀಕ್‌ಗಳಲ್ಲಿ ಒಂದು ಆಕಾಶಕ್ಕೆ, ಇನ್ನೊಂದು ನೆಲಕ್ಕೆ. ಇದು ಎಣಿಕೆಯ ಆಟ. 100 ಪಿಕೊಗ್ರಾಂ ಅಂದರೆ 15 ಕೋಶಗಳ ಡಿಎನ್‌ಎ, ತಂದೆಯಿಂದ ಬಂದ ಅಲೀಲ್ 15 ಪ್ರತಿ, ತಾಯಿಯಿಂದ ಬಂದದ್ದು 15 ಪ್ರತಿ. 30 ಪಿಕೊಗ್ರಾಂಗೆ ಇಳಿದರೆ ನಾಲ್ಕೈದು ಪ್ರತಿ. ಪಿಪೆಟ್ಟಿಗೆ ಒಂದು ಕಡೆಯಿಂದ ನಾಲ್ಕು, ಇನ್ನೊಂದು ಕಡೆಯಿಂದ ಒಂದು ಬಂದರೆ ಯಂತ್ರದ ತಪ್ಪೇನೂ ಇಲ್ಲ. ಹೊಸ ಕಿಟ್ ತಂದರೂ ಟ್ಯೂಬಿನಲ್ಲಿ ಇಲ್ಲದ ಪ್ರತಿ ಹುಟ್ಟುವುದಿಲ್ಲ.

ಏನು ಮಾಡಬಹುದು? ಗ್ಲೋಬಲ್‌ಫೈಲರ್‌ನಂಥ 24 ಲೋಕಸ್‌ಗಳ (ಡಿಎನ್‌ಎ ಮೇಲಿನ ನಿಗದಿತ ಜಾಗಗಳ) ಕಿಟ್‌ನಲ್ಲಿ 25 ಮೈಕ್ರೋಲೀಟರ್ ಪಿಸಿಆರ್‌ಗೆ 15 ಮೈಕ್ರೋಲೀಟರ್‌ವರೆಗೆ ಎಕ್ಸ್‌ಟ್ರಾಕ್ಟ್ ಹಾಕಲು ಜಾಗವಿದೆ. ಅಡ್ಡಿ ಇಲ್ಲ ಎಂದು ಐಪಿಸಿ ಹೇಳಿದ ಮೇಲೆ ಆ ಜಾಗ ಪೂರ್ತಿ ಬಳಸಿ. ಪಿಸಿಆರ್ ಉತ್ಪನ್ನವನ್ನು ಸ್ತಂಭದಲ್ಲಿ ಶುದ್ಧ ಮಾಡಿ ಮತ್ತೆ ಇಂಜೆಕ್ಟ್ ಮಾಡಿದರೆ ಉಪ್ಪು ಹೋಗಿ ಪೀಕ್ ಏರುತ್ತದೆ, ಎಕ್ಸ್‌ಟ್ರಾಕ್ಟ್ ಮುಟ್ಟಬೇಕಿಲ್ಲ. ಆವರ್ತ ಹೆಚ್ಚಿಸುವುದು ಕೊನೆಯ ಆಯ್ಕೆ. ಬ್ರಿಟನ್ನಿನಲ್ಲಿ 28 ಆವರ್ತವನ್ನು 34ಕ್ಕೆ ಏರಿಸಿದ ‘ಲೋ ಕಾಪಿ ನಂಬರ್’ ವಿಧಾನ ಬಂದಾಗ ಅಲೀಲ್ ಜೊತೆಗೆ ಸ್ಟಟರ್ (ಪ್ರತಿ ಮಾಡುವಾಗ ಹುಟ್ಟುವ ಹುಸಿ ಪೀಕ್) ಮತ್ತು ಎಲ್ಲಿಂದಲೋ ಬಂದ ಬಿಡಿ ಅಲೀಲ್‌ಗಳೂ ಬೆಳೆದವು. 2007ರ ಡಿಸೆಂಬರಿನಲ್ಲಿ ಉತ್ತರ ಐರ್ಲೆಂಡಿನ ಓಮಾ ಬಾಂಬ್ ಪ್ರಕರಣದ ತೀರ್ಪಿನಲ್ಲಿ ಈ ವಿಧಾನವೂ ಮಾದರಿಗಳನ್ನು ಇಟ್ಟುಕೊಂಡ ರೀತಿಯೂ ಕಟು ಟೀಕೆಗೆ ಗುರಿಯಾದವು.

ಒಂದೇ ಎಕ್ಸ್‌ಟ್ರಾಕ್ಟನ್ನು ಎರಡು-ಮೂರು ಪಾಲು ಮಾಡಿ ಓಡಿಸಿ, ಕನಿಷ್ಠ ಎರಡರಲ್ಲಿ ಕಂಡ ಅಲೀಲ್ ಮಾತ್ರ ನಂಬುವುದು ಹಳೆಯ ಪದ್ಧತಿ. ಅದರ ಬೆಲೆ ಏನೆಂದರೆ ಪ್ರತಿ ಪಾಲೂ ಇನ್ನಷ್ಟು ಬಡವಾಗುತ್ತದೆ. ಎಸ್‌ಟಿಆರ್‌ಮಿಕ್ಸ್, ಯೂರೊಫಾರ್‌ಮಿಕ್ಸ್‌ನಂಥ ಸಂಭವನೀಯತೆ ತಂತ್ರಾಂಶ ನಿಮ್ಮಲ್ಲಿ ಸಿಂಧುವಾಗಿದ್ದರೆ ಇರುವುದೆಲ್ಲವನ್ನೂ ಒಂದೇ ಪಿಸಿಆರ್‌ಗೆ ಹಾಕುವುದೇ ಮೇಲು; ಅಲೀಲ್ ಬಿಟ್ಟುಹೋಗುವ ಸಾಧ್ಯತೆಯನ್ನು ಅದು ಲೆಕ್ಕಕ್ಕೆ ಹಿಡಿಯುತ್ತದೆ. ತಂತ್ರಾಂಶವಿಲ್ಲದಿದ್ದರೆ ಪಾಲು ಮಾಡದೆ ಗತಿಯಿಲ್ಲ.

ಪ್ರೊಫೈಲ್ ಅನುಮಾನ ಬರುವಷ್ಟು ಚೆನ್ನಾಗಿದೆ

ಖಾಲಿ ಫಲಿತಾಂಶಕ್ಕಿಂತ ಅಪಾಯಕಾರಿ ದೋಷ ಇದು. ಒಂಟಿ ಬೆರಳ ಗುರುತಿನಿಂದ ಮೂರು ನ್ಯಾನೊಗ್ರಾಂ ಬಂತೆಂದರೆ ಸಂಭ್ರಮಿಸುವ ಮೊದಲು ಲ್ಯಾಬ್ ಸಿಬ್ಬಂದಿ, ಸ್ಥಳಕ್ಕೆ ಹೋದವರು, ಮಹಜರು ಮಾಡಿದವರು ಇವರ ಪ್ರೊಫೈಲ್‌ಗಳ ಜೊತೆ ಹೋಲಿಸಿ. ಜರ್ಮನಿಯ ಪೊಲೀಸರು ‘ಹೈಲ್‌ಬ್ರಾನ್ ಭೂತ’ ಎಂದು ಕರೆದ ಮಹಿಳೆಯನ್ನು ಹುಡುಕುತ್ತ ವರ್ಷಗಟ್ಟಲೆ ಅಲೆದರು. ಜರ್ಮನಿ, ಆಸ್ಟ್ರಿಯಾ, ಫ್ರಾನ್ಸ್‌ಗಳ ಹತ್ತಾರು ಪ್ರಕರಣಗಳಲ್ಲಿ ಅವಳ ಡಿಎನ್‌ಎ ಇತ್ತು. 2009ರಲ್ಲಿ ಗೊತ್ತಾಯಿತು, ಆ ಡಿಎನ್‌ಎ ಸ್ವಾಬ್ ಕಾರ್ಖಾನೆಯಲ್ಲಿ ಕೆಲಸ ಮಾಡುವ ಹೆಂಗಸಿನದು. ಸ್ವಾಬ್‌ಗಳು ಕ್ರಿಮಿಶುದ್ಧವಾಗಿದ್ದವು, ಡಿಎನ್‌ಎಶುದ್ಧವಾಗಿರಲಿಲ್ಲ. ಬ್ಯಾಕ್ಟೀರಿಯಾ ಸಾಯಿಸುವುದಕ್ಕೂ ಡಿಎನ್‌ಎ ಅಳಿಸುವುದಕ್ಕೂ ಅಜಗಜಾಂತರ. 2016ರಲ್ಲಿ ಇದಕ್ಕಾಗಿ ಐಎಸ್‌ಒ 18385 ಮಾನದಂಡ ಬಂತು. ಖರೀದಿ ಆದೇಶದಲ್ಲಿ ‘ಸ್ಟೆರೈಲ್’ ಎಂದಷ್ಟೇ ಬರೆಯದೆ ಈ ಸಂಖ್ಯೆ ಬರೆಯಿಸಿ, ಪ್ರತಿ ಬ್ಯಾಚಿನ ಒಂದು ಬಳಸದ ಸ್ವಾಬನ್ನು ಪೂರ್ತಿ ಪ್ರಕ್ರಿಯೆಯಲ್ಲಿ ಓಡಿಸಿ.

ನಮ್ಮಲ್ಲಿ ಅದಕ್ಕಿಂತ ಹತ್ತಿರದ ಆರೋಪಿ ಪುಡಿ ಬಳಿಯುವ ಬ್ರಷ್. ಒಂದೇ ಬ್ರಷ್, ಒಂದೇ ಪುಡಿ ಡಬ್ಬಿ, ಹತ್ತಾರು ಸ್ಥಳ. ಒಂದು ಮನೆಯ ಕಿಟಕಿಯ ಕೋಶ ಇನ್ನೊಂದು ಮನೆಯ ಬೀರುವಿಗೆ ದಾಟುತ್ತದೆ. ಹಳೆಯ ಕಡತದ ಲಿಫ್ಟ್ ಟೇಪಿನಿಂದ (ಪುಡಿ ಬಳಿದ ಗುರುತನ್ನು ಎತ್ತಿಕೊಂಡ ಟೇಪಿನಿಂದ) ಡಿಎನ್‌ಎ ತೆಗೆಯುವವರು ಇದನ್ನು ಮರೆಯಲೇಬಾರದು. ಅಲ್ಲಿ ಸಿಕ್ಕ ಮಿಶ್ರ ಪ್ರೊಫೈಲ್ ಆ ಸ್ಥಳದ್ದೇ ಎನ್ನಲು ಆಧಾರವಿಲ್ಲ. ಮುಂದಿನದಕ್ಕಾದರೂ ಒಂದು ಪ್ರಕರಣಕ್ಕೆ ಒಂದು ಬಿಸಾಡುವ ಬ್ರಷ್, ಡಬ್ಬಿಯಿಂದ ಬೇರೆ ಕಾಗದಕ್ಕೆ ಸುರಿದುಕೊಂಡ ಪುಡಿ, ಉಳಿದದ್ದನ್ನು ಡಬ್ಬಿಗೆ ಮರಳಿಸದೆ ಎಸೆಯುವುದು.

ಕಲಬೆರಕೆಯಲ್ಲದೆಯೂ ಮಿಶ್ರ ಪ್ರೊಫೈಲ್ ಬರುತ್ತದೆ. ಬಾಗಿಲ ಚಿಲಕದಲ್ಲಿ ಮನೆಯವರೆಲ್ಲರ ಡಿಎನ್‌ಎ ಮೊದಲೇ ಇರುತ್ತದೆ, ಕಳ್ಳನ ಗುರುತು ಅದರ ಮೇಲೆ ಕೂತಿರುತ್ತದೆ. ರೇಖೆ ಒಬ್ಬನದು, ಅದರಡಿಯ ಡಿಎನ್‌ಎ ಇನ್ನೊಬ್ಬನದು ಆಗಬಹುದು. ಗುರುತಿನ ಅಂಚು ಬಿಟ್ಟು ಹೊರಗೆ ಸ್ವಾಬ್ ಹರಿದಾಡಿದಷ್ಟೂ ಮನೆಯವರ ಪಾಲು ಹೆಚ್ಚು. ಗುರುತಿನ ಪಕ್ಕದ ಖಾಲಿ ಜಾಗದಿಂದ ಅಷ್ಟೇ ವಿಸ್ತೀರ್ಣದ ಇನ್ನೊಂದು ಸ್ವಾಬ್ ತೆಗೆದಿದ್ದರೆ ಈ ಪ್ರಶ್ನೆಗೆ ಉತ್ತರ ಸಿಗುತ್ತದೆ. ತೆಗೆಯದಿದ್ದರೆ ನ್ಯಾಯಾಲಯದಲ್ಲಿ ಕೇಳುವ ಮೊದಲ ಪ್ರಶ್ನೆ ಅದೇ.

ಲ್ಯಾಬಿಗೆ ಬರುವ ಮೊದಲು

ಸ್ವಾಬ್ ಒಣಗಲಿ, ಆಮೇಲೆ ಕಾಗದದ ಕವರ್. ಕರಾವಳಿಯ ಜುಲೈನಲ್ಲಿ ಗಾಳಿಯಲ್ಲೇ ಒಣಗುವುದಿಲ್ಲ. ಅಲ್ಲಿ ಒಳಗೆ ತೇವ ಹೀರುವ ಕಣಗಳಿರುವ ಸ್ವಾಬ್ ಟ್ಯೂಬ್ ಬೇಕು. ಮುದ್ದೆಮಾಲು ಲೋಟವಾಗಿದ್ದರೆ ಹತ್ತಿಯಲ್ಲಿ ಸುತ್ತಬೇಡಿ, ಗುರುತು ಹತ್ತಿಗೇ ಒರೆಸಿಹೋಗುತ್ತದೆ. ಗುರುತಿರುವ ಭಾಗ ಯಾವುದಕ್ಕೂ ತಾಗದಂತೆ ಪೆಟ್ಟಿಗೆಯೊಳಗೆ ತಳ ಮತ್ತು ಬಾಯಿಯನ್ನು ಹಿಡಿದು ಕೂರಿಸಿ. ಫೋಟೊ ಮೊದಲು, ಅಳತೆಪಟ್ಟಿಯ ಸಮೇತ, ಸ್ವಾಬ್ ಆಮೇಲೆ. ಸ್ವಾಬ್ ಆಡಿಸಿದ ಗುರುತನ್ನು ಯಾವ ತಜ್ಞನೂ ಮರಳಿ ಮೂಡಿಸಲಾರ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176(3)ನೇ ಕಲಮು ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಬೇಕೆನ್ನುತ್ತದೆ. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷದ ಅವಕಾಶವಿದೆ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಡಿಎನ್‌ಎ ಮಾದರಿ ತೆಗೆದ 48 ಗಂಟೆಯೊಳಗೆ ವಿಧಿವಿಜ್ಞಾನ ಪ್ರಯೋಗಾಲಯ (ಎಫ್‌ಎಸ್‌ಎಲ್) ತಲುಪಬೇಕು, ಅದು ಕೈಯಿಂದ ಕೈಗೆ ದಾಟಿದ ದಾಖಲೆ ಇರಬೇಕು ಎಂದು ನಿರ್ದೇಶಿಸಿತು. ಆ ದಾಖಲೆ ಲ್ಯಾಬಿನ ದೋಷ ಪತ್ತೆಗೂ ಬೇಕಾದದ್ದೇ. ಅದರ ಜೊತೆ ಒಂದು ಚೀಟಿ ಸೇರಿಸಿ: ಗುರುತು ಮೂಡಿಸಲು ಬಳಸಿದ ಪುಡಿ ಅಥವಾ ರಾಸಾಯನಿಕ, ಯಾವ ತರಂಗದ ಬೆಳಕು, ಎಷ್ಟು ನಿಮಿಷ, ಸ್ವಾಬ್ ತೇವ ಮಾಡಿದ ದ್ರವ, ಸ್ವಾಬಿನ ಬ್ಯಾಚ್ ಸಂಖ್ಯೆ. ಐದು ಸಾಲು. ಐಪಿಸಿ ಮೂರು ಆವರ್ತ ತಡವಾಗಿ ಬಂದ ದಿನ ಮೊದಲು ತೆಗೆದು ಓದುವುದು ಆ ಚೀಟಿಯನ್ನೇ.